ಯೋಧರ, ಪೊಲೀಸರ ಅಂತ್ಯಕ್ರಿಯೆ: ಧ್ವಜದ ಕ್ರಮ ಹೇಗೆ?

ಕಾಸರಗೋಡಿನ ಮಂಜೇಶ್ವರ, ಕುಂಬಳೆ ಕಡೆ ಒಂದು ಮನೆಗೆ ಯೋಧರ ಪಾರ್ಥಿವ ಶರೀರ ಬರುತ್ತದೆ ಅಂದರೆ ಅಂಗಳ ತುಂಬಿ ಹೋಗುತ್ತದೆ. ಪಂಚಾಯತ್ ಮೆಂಬರ್, ಕ್ಲಬ್‌ನ ಹುಡುಗರು, ಪಾರ್ಟಿಯವರು, ಎಲ್ಲರ ಹತ್ತಿರವೂ ಒಂದೊಂದು ಸಲಹೆ ಇರುತ್ತದೆ. ಮನೆಯವರಿಗೆ ಮಾತ್ರ ಯಾರೂ ಕ್ರಮ ಹೇಳಿರುವುದಿಲ್ಲ. ಭಾವನೋ ಚಿಕ್ಕಪ್ಪನೋ, ಒಬ್ಬರಾದರೂ ಮೊದಲೇ ತಿಳಿದುಕೊಂಡಿರಲಿ.

ಮೊದಲನೆಯದು, ರಾಷ್ಟ್ರಧ್ವಜವನ್ನು ನಾವಾಗಿ ಹೊದಿಸುವ ಹಾಗಿಲ್ಲ. ಸರಕಾರಿ ಗೌರವದ, ಸೇನೆಯ ಅಥವಾ ಅರೆಸೇನಾ ಪಡೆಗಳ ಅಂತ್ಯಕ್ರಿಯೆಗೆ ಮಾತ್ರ ಅವಕಾಶ. ಉಳಿದ ಕಡೆ ಹೊದಿಸುವುದು ರಾಷ್ಟ್ರ ಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆಯ ಪ್ರಕಾರ ಅಪರಾಧ, 3 ವರ್ಷದವರೆಗೆ ಜೈಲು ಆಗಬಹುದು. ಪೊಲೀಸರಿಗೂ ಅಷ್ಟೇ, ಸರಕಾರಿ ಗೌರವ ಎಂದು ಖಚಿತವಾದ ಮೇಲೇ ಧ್ವಜ. ನಿವೃತ್ತ ಯೋಧರಾದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಒಂದು ಫೋನ್ ಮಾಡಿ ಕೇಳಿ. ಆಗಸ್ಟ್ 15ಕ್ಕೆ ತಂದದ್ದು ಕಪಾಟಿನಲ್ಲಿದೆ ಅಂತ ಸುಮ್ನೆ ತೆಗೆದು ಹೊದಿಸಬೇಡಿ.

ಹೊದಿಸುವಾಗ ಕೇಸರಿ ತಲೆಯ ಕಡೆಗೆ, ಹಸಿರು ಕಾಲಿನ ಕಡೆಗೆ. ಅಂಚು ನೆಲಕ್ಕೆ ತಾಗಬಾರದು. ಜೂನ್, ಜುಲೈ ತಿಂಗಳಾದರೆ ಅಂಗಳವೆಲ್ಲ ಕೆಸರು, ಹಾಗಾಗಿ ಎತ್ತರದ ಮೇಜು, ಮೇಲೆ ಟಾರ್ಪಾಲು ಬೇಕೇ ಬೇಕು. ಹೂವು, ಪುಷ್ಪಚಕ್ರಗಳನ್ನು ಧ್ವಜದ ಮೇಲೆ ರಾಶಿ ಹಾಕುವುದಕ್ಕಿಂತ ಕಾಲಿನ ಕಡೆ ಇಡಿಸಿ.

ನಮ್ಮಲ್ಲಿ ಇನ್ನೊಂದು ಪೇಚು ಇದೆ. ಕೇರಳದಲ್ಲಿ ತೀರಿಕೊಂಡವರ ಮೇಲೆ ಪಾರ್ಟಿಯ ಬಾವುಟ ಹೊದಿಸುವುದು ವಾಡಿಕೆ, ನಿವೃತ್ತಿಯ ನಂತರ ಪಾರ್ಟಿಯಲ್ಲಿ ಓಡಾಡಿದವರಾದರೆ ಪಾರ್ಟಿಯವರು ಬಾವುಟ ಹಿಡಿದು ಬಂದೇ ಬರುತ್ತಾರೆ, ಪ್ರೀತಿಯಿಂದಲೇ ಬರುತ್ತಾರೆ. ಆದರೆ ರಾಷ್ಟ್ರಧ್ವಜದ ಮೇಲೆ ಬೇರೆ ಯಾವ ಬಾವುಟವೂ ಬೇಡ, ಕ್ಲಬ್ಬಿನದ್ದೂ ಬೇಡ. ಇದನ್ನು ಮನೆಯವರು ಹೇಳುವುದು ಕಷ್ಟ, ಮೆಂಬರ್ ಬಾಯಲ್ಲಿ ಹೇಳಿಸಿ.

ಆಮೇಲೆ ಕುಶಾಲತೋಪು, ಬ್ಯೂಗಲ್. ಅದು ತುಕಡಿಯವರ ಕೆಲಸ, ನಾವು ಸುಮ್ಮನೆ ನಿಂತರಾಯಿತು. ಮಕ್ಕಳು ಗುಂಡಿನ ಸದ್ದಿಗೆ ಬೆಚ್ಚಿ ಬೀಳುತ್ತಾರೆ, ಮೊದಲೇ ಹೇಳಿಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಚಿತೆಗೆ ಕೊಡುವ ಮೊದಲು, ದಫನವಾದರೆ ಗುಂಡಿಗೆ ಇಳಿಸುವ ಮೊದಲು, ಧ್ವಜವನ್ನು ತೆಗೆಯಲೇಬೇಕು. ಅದು ಸುಡಬಾರದು, ಮಣ್ಣಿಗೂ ಹೋಗಬಾರದು. ‘ಅದರೊಟ್ಟಿಗೇ ಹೋಗಲಿ’ ಅಂತ ಅಳುತ್ತಾ ಹಿಡಿದುಕೊಳ್ಳುವವರು ಇರುತ್ತಾರೆ. ತೆಗೆಯುವುದು ಅಗೌರವ ಅಲ್ಲ, ನಿಯಮವೇ ಹಾಗೆ ಎಂದು ಹಿಂದಿನ ರಾತ್ರಿಯೇ ಮೆತ್ತಗೆ ಹೇಳಿಟ್ಟರೆ ಆ ಹೊತ್ತಿನ ಎಳೆದಾಟ ತಪ್ಪುತ್ತದೆ, ಅಲ್ವಾ?

ಮಡಚುವ ಕ್ರಮ ಸುಲಭ. ಅಡ್ಡಕ್ಕೆ ಹಿಡಿದು ಕೇಸರಿ, ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಚಬೇಕು. ಮತ್ತೆ ಎರಡೂ ತುದಿಗಳನ್ನು ಅಡಿಯಿಂದ ಮಧ್ಯಕ್ಕೆ ತಂದರೆ ಚಕ್ರ ಮೇಲೆ ಬರುತ್ತದೆ, ಕೇಸರಿ ಹಸಿರು ಸ್ವಲ್ಪ ಕಾಣುತ್ತದೆ. ಅಂಗೈ ಮೇಲೆ ಇಟ್ಟು ಒಯ್ಯುವುದು. ಮನೆಯವರಿಗೆ ಕೊಡುವುದಾದರೆ ಯಾರ ಕೈಗೆ ಎಂಬ ಪ್ರಶ್ನೆ ಬರುತ್ತದೆ. ಹೆಂಡತಿಯೋ ಅಮ್ಮನೋ, ಒಳಗೇ ಮಾತಾಡಿಕೊಳ್ಳಿ, ಕ್ಯಾಮೆರಾದ ಎದುರು ಚರ್ಚೆ ಬೇಡ.

ಶಾಲೆ, ಕ್ಲಬ್‌ನವರು ತಾವಾಗಿ ಧ್ವಜವನ್ನು ಅರ್ಧಕ್ಕೆ ಇಳಿಸಬಾರದು, ಅದಕ್ಕೆ ಸರಕಾರದ ಆದೇಶ ಬೇಕು. ಆದೇಶ ಬಂದರೂ ಮೊದಲು ತುದಿಯವರೆಗೆ ಏರಿಸಿ, ಆಮೇಲೆ ಅರ್ಧಕ್ಕೆ. ಸಂಜೆ ಇಳಿಸುವಾಗಲೂ ಒಮ್ಮೆ ತುದಿಗೆ ಏರಿಸಿಯೇ ಇಳಿಸುವುದು.