ರಂಗೋಲಿ ಪುಡಿಯಲ್ಲಿ ಬರೆದ ನಿರಾಶ್ರಿತರ ಶಿಬಿರ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಸ್ವಸಹಾಯ ಸಂಘಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಸಾಲ, ಲೆಕ್ಕದ ಪುಸ್ತಕ, ಆರೋಗ್ಯದ ಜೊತೆಗೆ ಈಗ ಇನ್ನೊಂದು ವಿಷಯ ಸೇರಿಸಿಕೊಂಡಿದ್ದೇನೆ. ಯುದ್ಧ, ಗಲಭೆ ಅಂತ ಊರು ಬಿಡಬೇಕಾಗಿ ಬಂದಾಗ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಏನಾಗುತ್ತದೆ ಅನ್ನುವುದು. "ಗಾಜಾ, ಸುಡಾನ್ ಸುದ್ದಿ ನಮಗ್ಯಾಕೆ ಮೇಡಂ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಅದಕ್ಕೇ ನಾನು ಟಿವಿಯ ಚಿತ್ರಗಳನ್ನು ತೋರಿಸುವುದಿಲ್ಲ. ಉರಿಯುವ ಮನೆ ನೋಡಿ ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ, ಮಾತು ಅಲ್ಲಿಗೇ ನಿಂತುಬಿಡುತ್ತದೆ.

ಸಮುದಾಯ ಭವನದ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ದೊಡ್ಡ ಚೌಕ ಬರೆಯುತ್ತೇನೆ. ಅದೇ ಶಿಬಿರ. ಬೆಂಕಿಪೊಟ್ಟಣ ಡೇರೆ, ಬಾಟಲಿ ಮುಚ್ಚಳ ನಲ್ಲಿ, ಇಟ್ಟಿಗೆ ಚೂರು ಶೌಚಾಲಯ. "ರಾತ್ರೋರಾತ್ರಿ 500 ಜನ ಊರು ಬಿಟ್ಟು ಬಂದಿದ್ದಾರೆ. ಯಾವುದು ಎಲ್ಲಿರಬೇಕು, ನೀವೇ ಇಡಿ" ಅಂತ ಹೇಳಿ ಸುಮ್ನೆ ಕೂರುತ್ತೇನೆ.

ಸಾಮಾನ್ಯವಾಗಿ ಶೌಚಾಲಯವನ್ನು ದೂರದ ಮೂಲೆಗೆ ತಳ್ಳುತ್ತಾರೆ, ವಾಸನೆ ಬರಬಾರದು ಅಂತ. ಹೊಸನಗರ ಕಡೆಯ ಗುಂಪಿನಲ್ಲಿ ಅಂಗನವಾಡಿ ಸಹಾಯಕಿಯೊಬ್ಬರು ಎದ್ದು ಹೋಗಿ ಆ ಇಟ್ಟಿಗೆ ಚೂರನ್ನು ಡೇರೆಗಳ ಸಾಲಿಗೆ ಹತ್ತಿರ ತಂದಿಟ್ಟರು. "ಮಳೆಗಾಲದ ರಾತ್ರಿ, ಕರೆಂಟಿಲ್ಲ. ಹದಿನಾಲ್ಕು ವರ್ಷದ ಹುಡುಗಿ ಅಷ್ಟು ದೂರ ಹೆಂಗೆ ಹೋಗ್ತಾಳೆ? ಬೆಳಗಾಗ್ಲಿ ಅಂತ ತಡ್ಕೊಳ್ತಾಳೆ. ಸಂಜೆ ಮೇಲೆ ನೀರೇ ಕುಡಿಯಲ್ಲ." 2017ರ ಆಗಸ್ಟ್ ನಂತರ ಮ್ಯಾನ್ಮಾರ್ ಸೇನೆಗೆ ಹೆದರಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಬಾಂಗ್ಲಾದೇಶಕ್ಕೆ ಓಡಿ ಬಂದರಲ್ಲ, ಆ ಶಿಬಿರಗಳ ಹೆಂಗಸರು ಮಾಡಿದ್ದೂ ಇದನ್ನೇ. ಶೌಚಾಲಯಕ್ಕೆ ಹೋಗುವುದು ತಪ್ಪಲಿ ಅಂತ ಊಟ, ನೀರು ಕಡಿಮೆ ಮಾಡುತ್ತಿದ್ದರು.

ಇಷ್ಟು ಮಾತಾದ ಮೇಲೆಯೇ ಅಳತೆಗಳನ್ನು ಹೇಳುವುದು. ಪರಿಹಾರ ಕೆಲಸದವರು ಪಾಲಿಸುವ 'ಸ್ಫಿಯರ್' ಅನ್ನುವ ಮಾನದಂಡ ಇದೆ. 20 ಜನಕ್ಕೆ ಒಂದು ಶೌಚಾಲಯ, ಗಂಡಸರಿಗೆ ಒಂದಾದರೆ ಹೆಂಗಸರಿಗೆ ಮೂರು, ಒಳಗಡೆ ಚಿಲಕ, ಹೊರಗೆ ಬೆಳಕು. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ಅದೂ 500 ಮೀಟರ್ ಒಳಗೆ. ಹಾಗಾದ್ರೆ ನಮ್ಮ ಶಿಬಿರಕ್ಕೆ 25 ಇಟ್ಟಿಗೆ ಚೂರು ಬೇಕು ಅಂತ ಅವರೇ ಲೆಕ್ಕ ಹಾಕುತ್ತಾರೆ.

ಆಮೇಲೆ ಸೌದೆ. ಅಕ್ಕಿ ಬೇಳೆ ಕೊಟ್ಟರು ಸರಿ, ಬೇಯಿಸುವುದು ಯಾವುದರಲ್ಲಿ? ಸುಡಾನಿನ ಡಾರ್ಫರ್‌ನಲ್ಲಿ 2003ರಲ್ಲಿ ಯುದ್ಧ ಶುರುವಾದ ಮೇಲೆ ಸೌದೆಗೆಂದು ಶಿಬಿರ ದಾಟಿ ಹೋದ ಹೆಂಗಸರ ಮೇಲೆ ಮತ್ತೆ ಮತ್ತೆ ಅತ್ಯಾಚಾರಗಳಾದವು. ಗಂಡಸರು ಹೋದರೆ ಜೀವವೇ ಹೋಗುತ್ತದೆ ಅಂತ ಹೆಂಗಸರೇ ಹೋಗುತ್ತಿದ್ದರು. ದರಗು, ಸೌದೆಗೆ ಕಾಡಿಗೆ ಹೋಗಿ ಗೊತ್ತಿರುವ ನಮ್ಮ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಂಗ್ಲಾದೇಶದ ಶಿಬಿರಗಳಲ್ಲಿ 2018ರಿಂದ ಗ್ಯಾಸ್ ಕೊಡತೊಡಗಿದ ಮೇಲೆ ಸೌದೆಗೆ ಹೋಗುವುದು ಬಹಳ ಕಡಿಮೆಯಾಯಿತು. ಒಂದು ಸಿಲಿಂಡರ್ ಹೆಣ್ಣುಮಕ್ಕಳನ್ನು ಕಾಪಾಡುತ್ತದೆ ಅಂದರೆ ಅದೂ ರಕ್ಷಣೆಯ ಕೆಲಸವೇ ಅಲ್ವಾ?

ತೀರ್ಥಹಳ್ಳಿ ಕಡೆ ಮಾತು ಬೇರೆ ದಾರಿ ಹಿಡಿಯುತ್ತದೆ. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಶರಣಾದರು, ಅವರಲ್ಲಿ ನಾಲ್ವರು ಹೆಂಗಸರು. ಆಗುಂಬೆ ಹತ್ತಿರದ ಹಿರಿಯರೊಬ್ಬರು ಆ ಸುದ್ದಿ ಎತ್ತಿ ಹಳೆಯದನ್ನು ಹೇಳಿದರು. "ರಾತ್ರಿ ಬಾಗಿಲು ಬಡಿದ್ರೆ ಯಾರು ಅಂತ ಗೊತ್ತಾಗ್ತಿರ್ಲಿಲ್ಲ. ಅನ್ನ ಹಾಕದಿದ್ರೆ ಅವ್ರ ಹೆದ್ರಿಕೆ. ಹಾಕಿದ್ರೆ ಬೆಳಿಗ್ಗೆ ಪೊಲೀಸ್ರು ಕೇಳೋರು. ಅನ್ನ ಬಡ್ಸೋಳು ನಾನೇ ತಾನೇ?" ಬಂದೂಕು ಹಿಡಿದವರ ನಡುವೆ ಬದುಕುವುದು ಏನು ಅಂತ ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಸಾಗರದ ಹಿನ್ನೀರಿನ ಕಡೆ ಹೋದರೆ ಮುಳುಗಡೆಯ ಮಾತು ಬಂದೇ ಬರುತ್ತದೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು 1964ರಲ್ಲಿ, ಅದರ ನೀರಿಗೆ ಊರುಗಳು ಮುಳುಗಿ ಜನ ಮನೆ ಬಿಟ್ಟರು. ಅದು ಯುದ್ಧವಲ್ಲ. ಆದರೂ "ಪರಿಹಾರ ಎಷ್ಟು ಬಂತೋ ನಂಗೊತ್ತಿಲ್ಲ, ಮಾವನ ಹೆಸ್ರಲ್ಲಿತ್ತು" ಅನ್ನುವ ಅಜ್ಜಿಯ ಮಾತಿನಿಂದ ಮುಂದಿನ ಪ್ರಶ್ನೆಗೆ ಹೋಗುವುದು ಸುಲಭ. ಶಿಬಿರದ ಪಡಿತರ ಚೀಟಿ ಯಾರ ಹೆಸರಲ್ಲಿ? ಗಂಡ ಕಾಣೆಯಾದರೆ ಏನು ಗತಿ? ಕಾಶ್ಮೀರದಲ್ಲಿ ಗಂಡ ಸತ್ತನೋ ಇದ್ದಾನೋ ತಿಳಿಯದ ಹೆಂಗಸರನ್ನು ಅರ್ಧ ವಿಧವೆಯರು ಅನ್ನುತ್ತಾರೆ. ಮರಣ ಪತ್ರ ಇಲ್ಲ, ಹಾಗಾಗಿ ಪಿಂಚಣಿಗೂ ಆಸ್ತಿಗೂ ಅಲೆದಾಟ.

ಅತ್ಯಾಚಾರದ ವಿಷಯದಲ್ಲಿ ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದೇನೆ. ಗುಂಪಿನಲ್ಲಿ ಯಾರ ಸ್ವಂತ ಕಥೆಯನ್ನೂ ಕೇಳುವುದಿಲ್ಲ. ಗೊತ್ತಿರಲೇಬೇಕಾದ್ದನ್ನು ಮಾತ್ರ ನೇರವಾಗಿ ಹೇಳುತ್ತೇನೆ. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, ಗರ್ಭ ತಡೆಯುವ ಮಾತ್ರೆ ಐದು ದಿನದೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. 181 ಮಹಿಳಾ ಸಹಾಯವಾಣಿಯನ್ನು ಎಲ್ಲರ ಫೋನಿಗೂ ಹಾಕಿಸುತ್ತೇನೆ. ಊಟದ ಹೊತ್ತಿಗೆ ಯಾರಾದರೂ ಪಕ್ಕಕ್ಕೆ ಕರೆದು ಮಾತಾಡಿದರೆ, ಆ ದಿನದ ಮಿಕ್ಕ ಕೆಲಸ ಎಷ್ಟಿದ್ದರೂ ಆಮೇಲೆ.

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 1325ನೇ ನಿರ್ಣಯಕ್ಕೆ ಕೊನೆಯಲ್ಲಿ ಸ್ವಲ್ಪ ಹೊತ್ತು ಸಾಕು. 2000ದ ಅಕ್ಟೋಬರ್ 31ರಂದು ಒಪ್ಪಿದ್ದು. ಶಾಂತಿ ಮಾತುಕತೆಯಲ್ಲಿ, ಪರಿಹಾರದ ತೀರ್ಮಾನಗಳಲ್ಲಿ ಹೆಂಗಸರೂ ಕೂರಬೇಕು ಅನ್ನುತ್ತದೆ. ಶಿಬಿರವನ್ನು ತಾವೇ ಕಟ್ಟಿ ಎದ್ದವರಿಗೆ ಅದು ಯಾಕೆ ಬೇಕು ಅಂತ ಮತ್ತೆ ಹೇಳಬೇಕಾಗುವುದಿಲ್ಲ.

ಹೊಸನಗರದ ಗುಂಪಿನವರು ಮಳೆಗಾಲಕ್ಕೆ ಮುಂಚೆ, ನೆರೆ ಬಂದರೆ ಕಾಳಜಿ ಕೇಂದ್ರವಾಗುವ ತಮ್ಮೂರಿನ ಕಟ್ಟಡಕ್ಕೆ ಹೋಗಿ ನೋಡಿದರು. ಹೆಂಗಸರ ಶೌಚಾಲಯಕ್ಕೆ ಒಳಗೆ ಚಿಲಕ ಇಲ್ಲ, ಹೊರಗೆ ದೀಪ ಇಲ್ಲ, ಪ್ಯಾಡ್ ಒಂದೂ ಇಲ್ಲ. ಅರ್ಜಿ ಬರೆದು ಗ್ರಾಮಸಭೆಯಲ್ಲಿ ಓದಿದರು. ಚಿಲಕ, ದೀಪ ಬಂದವು. ಪ್ಯಾಡಿಗೆ ಯಾವ ಲೆಕ್ಕದಲ್ಲಿ ಹಣ ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಮುಂದಿನ ಸಭೆಗೂ ಅದೇ ಅರ್ಜಿ ಹಿಡಿದುಕೊಂಡು ಹೋಗುತ್ತಾರಂತೆ.