ಒಳಮೈ ತಿರುಗಿಸಿ ನೋಡಿ: ಸ್ವತಂತ್ರ ಲೇಬಲ್‌ಗಳನ್ನು ಹುಡುಕುವ ಬಗೆ

ಯಾವ ಉಡುಪು ಕೈಗೆ ಸಿಕ್ಕರೂ ಮೊದಲು ಒಳಮೈ ತಿರುಗಿಸಿ ಹೊಲಿಗೆ ನೋಡುವುದು ನನ್ನ ಕಸುಬು ಅಂಟಿಸಿದ ಚಟ. ಸಿದ್ಧ ಉಡುಪಿನ ಕಾರ್ಖಾನೆಯ ಸ್ಯಾಂಪಲ್ ವಿಭಾಗದಲ್ಲಿ ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಇಡುವ ಕಾಗದದ ಅಚ್ಚು) ಕತ್ತರಿಸುತ್ತಲೇ ವಯಸ್ಸು ಕಳೆದವಳು ನಾನು. ಊರೆಲ್ಲ ತೊಡುವುದನ್ನೇ ತೊಟ್ಟು ಬೇಸರವಾಗಿದೆ, ದೊಡ್ಡ ಕಂಪನಿಗಳ ಒಡೆತನವಿಲ್ಲದ ಸಣ್ಣ ಲೇಬಲ್‌ಗಳನ್ನು, ಅಂದರೆ ಸಣ್ಣ ಉಡುಪಿನ ಬ್ರ್ಯಾಂಡ್‌ಗಳನ್ನು, ಎಲ್ಲಿ ಹುಡುಕುವುದು ಎಂದು ಗೆಳತಿಯರು ಕೇಳುತ್ತಿರುತ್ತಾರೆ. ನಾನು ತಿರುಗಿ ಕೇಳುತ್ತೇನೆ: ನಿಮಗೆ ಬೇಕಾದದ್ದು ಯಾವ ಉಡುಪು, ಯಾವ ಹವೆಗೆ? ಅದು ಗೊತ್ತಿಲ್ಲದೆ ಹುಡುಕಲು ಕುಳಿತರೆ ಮೊಬೈಲ್ ತೋರಿಸಿದ್ದನ್ನೇ ಕೊಳ್ಳುತ್ತೀರಿ. ಮೊಬೈಲ್ ಮುಂದೆ ತಂದು ನಿಲ್ಲಿಸುವುದು ಜಾಹೀರಾತಿಗೆ ಹಣ ಸುರಿದವರನ್ನು. ಮೂರು ನಾಲ್ಕು ಜನ ಸೇರಿ ನಡೆಸುವ ಲೇಬಲ್ ಹತ್ತಿರ ಆ ಹಣ ಎಲ್ಲಿರುತ್ತದೆ?

ಹುಡುಕುವ ಮೊದಲು ಈ ಲೋಕದ ಪಂಚಾಂಗ ತಿಳಿದಿರಲಿ. ಹಂಗಾಮಿಗೊಂದು ಕಲೆಕ್ಷನ್ (ಒಟ್ಟಾಗಿ ಹೊರತರುವ ಉಡುಪುಗಳ ಗುಚ್ಛ) ಎಂಬ ಪದ್ಧತಿಯನ್ನು ರೂಢಿಗೆ ತಂದ ಕೀರ್ತಿ ಚಾರ್ಲ್ಸ್ ಫ್ರೆಡರಿಕ್ ವರ್ತ್‌ಗೆ ಸಲ್ಲುತ್ತದೆ. ಇಂಗ್ಲೆಂಡಿನಲ್ಲಿ ಹುಟ್ಟಿದ ಆತ 1858ರಲ್ಲಿ ಪ್ಯಾರಿಸ್‌ನಲ್ಲಿ ಅಂಗಡಿ ತೆರೆದು, ಉಡುಪುಗಳನ್ನು ಬೊಂಬೆಗಳ ಬದಲು ಜೀವಂತ ರೂಪದರ್ಶಿಯರ ಮೈಮೇಲೆ ತೋರಿಸಿದ. ಇಂದಿಗೂ ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್‌ಗಳ ಮಹಿಳಾ ಉಡುಪಿನ ಫ್ಯಾಷನ್ ವಾರಗಳು ಉಡುಪು ತೊಡುವ ಹಂಗಾಮಿಗಿಂತ ಸುಮಾರು ಆರು ತಿಂಗಳು ಮುಂಚೆ ನಡೆಯುತ್ತವೆ. ಫೆಬ್ರವರಿ–ಮಾರ್ಚ್‌ನಲ್ಲಿ ಕಾಣಿಸುವುದು ಶರತ್ಕಾಲ–ಚಳಿಗಾಲದ ಉಡುಪು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಕಾಣಿಸುವುದು ಮುಂದಿನ ವಸಂತ–ಬೇಸಿಗೆಯದು. ಪುರುಷರ ಉಡುಪಿನ ದೊಡ್ಡ ಮೇಳವಾದ ಫ್ಲಾರೆನ್ಸ್‌ನ ಪಿಟ್ಟಿ ಊಮೊ ಜನವರಿ ಮತ್ತು ಜೂನ್‌ನಲ್ಲಿ ಬರುತ್ತದೆ. ಇವುಗಳ ನಡುವೆ ಹೆಚ್ಚು ಸದ್ದಿಲ್ಲದೆ ಬಂದುಹೋಗುವ ರೆಸಾರ್ಟ್ ಮತ್ತು ಪ್ರಿ-ಫಾಲ್ ಎಂಬ ಎರಡು ಕಲೆಕ್ಷನ್‌ಗಳೂ ಇವೆ. ನಿಜಕ್ಕೂ ದಿನನಿತ್ಯ ತೊಡಬಹುದಾದ ಉಡುಪು ಸಿಗುವುದು ಹೆಚ್ಚಾಗಿ ಇವೆರಡರಲ್ಲೇ, ಏಕೆಂದರೆ ಇವು ಅಂಗಡಿಯಲ್ಲಿ ಹೆಚ್ಚು ಕಾಲ ಮಾರಾಟಕ್ಕೆ ಇರುತ್ತವೆ.

ಇನ್ನೊಂದು ಅನುಕೂಲ ಭೂಗೋಳದ್ದು. ಭೂಮಧ್ಯರೇಖೆಯ ದಕ್ಷಿಣದಲ್ಲಿ ಹಂಗಾಮು ತಿರುವುಮುರುವು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಬೇಸಿಗೆ ಮುಗಿಯುವ ಫೆಬ್ರವರಿ ಕೊನೆಯಲ್ಲಿ ಅಲ್ಲಿನ ಲೇಬಲ್‌ಗಳು ಉಳಿದ ನಾರುಬಟ್ಟೆಯ (ಲಿನನ್) ಅಂಗಿಗಳನ್ನು ಕಡಿಮೆ ಬೆಲೆಗೆ ಬಿಡುವುದುಂಟು. ಉತ್ತರಾರ್ಧದವರಿಗೆ ಆಗ ಬೇಸಿಗೆ ಇನ್ನೂ ಮುಂದಿರುತ್ತದೆ.

ಈಗ ಹುಡುಕುವ ಕೆಲಸ. ಫ್ಯಾಷನ್ ವಾರದ ಅಧಿಕೃತ ವೇಳಾಪಟ್ಟಿಯನ್ನು ಆಯಾ ಸಂಸ್ಥೆಯೇ ಪ್ರಕಟಿಸುತ್ತದೆ. ಎಲ್ಲರ ಕಣ್ಣೂ ದೊಡ್ಡ ಹೆಸರುಗಳ ಮೇಲೆ. ನೀವು 'ಪ್ರೆಸೆಂಟೇಶನ್' ಎಂಬ ಗುರುತಿರುವ ಹೆಸರುಗಳನ್ನು ಬರೆದುಕೊಳ್ಳಿ. ರ‍್ಯಾಂಪ್ ನಡೆಸುವಷ್ಟು ಹಣವಿಲ್ಲದವರಲ್ಲಿ ಹಲವರು ಒಂದು ಕೋಣೆಯಲ್ಲಿ ಉಡುಪು ತೊಟ್ಟವರನ್ನು ನಿಲ್ಲಿಸಿ ತೋರಿಸುತ್ತಾರೆ. ನನ್ನ ಮಟ್ಟಿಗೆ ಅದೇ ಒಳ್ಳೆಯದು, ನಿಂತ ಉಡುಪಿನಲ್ಲಿ ಭುಜ ಹೇಗೆ ಕೂತಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಲಂಡನ್‌ನಲ್ಲಿ ಹೊಸಬರನ್ನು ಕೈಹಿಡಿದು ನಡೆಸುವ ಫ್ಯಾಷನ್ ಈಸ್ಟ್ ಮತ್ತು ನ್ಯೂಜೆನ್ ಎಂಬ ಯೋಜನೆಗಳಿವೆ, ಅವುಗಳ ಪಟ್ಟಿಯನ್ನು ಪ್ರತಿ ಹಂಗಾಮಿಗೂ ನೋಡಿ. ಹೊಸ ವಿನ್ಯಾಸಕರಿಗೆ ಕೊಡುವ ಪ್ರಶಸ್ತಿಗಳಲ್ಲಿ ಫ್ರಾನ್ಸಿನ ಆಂದಾಮ್ ಹಳೆಯದು. 1989ರಲ್ಲಿ ಅದರ ಮೊದಲ ಪ್ರಶಸ್ತಿ ಬೆಲ್ಜಿಯಂನ ವಿನ್ಯಾಸಕ ಮಾರ್ಟಿನ್ ಮಾರ್ಜಿಯೇಲಾಗೆ ಹೋಯಿತು. ಐಷಾರಾಮಿ ಸರಕಿನ ಫ್ರೆಂಚ್ ಕಂಪನಿ ಎಲ್‌ವಿಎಂಎಚ್ ಕೊಡುವ ಪ್ರಶಸ್ತಿ ಶುರುವಾದದ್ದು 2013ರಲ್ಲಿ. ಗೆದ್ದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ನಿಮಗೆ ಬೇಕಾದದ್ದು ಗೆಲ್ಲದವರ ಪಟ್ಟಿ. ಅಂತಿಮ ಸುತ್ತಿಗೆ ಬಂದು ಬರಿಗೈಯಲ್ಲಿ ಹೋದವರ ಉಡುಪು ಇನ್ನೂ ಕೈಗೆಟುಕುವಂತಿರುವ ಸಾಧ್ಯತೆ ಹೆಚ್ಚು.

ಇನ್ನೂ ಹಿಂದಕ್ಕೆ, ಬೇರಿನ ಹತ್ತಿರ ಹೋಗಬೇಕೆಂದರೆ ವಿದ್ಯಾಲಯಗಳ ಪದವಿ ಪ್ರದರ್ಶನಗಳಿವೆ. ಲಂಡನ್‌ನ ಕಲಾ ವಿದ್ಯಾಲಯ ಸೆಂಟ್ರಲ್ ಸೇಂಟ್ ಮಾರ್ಟಿನ್ಸ್‌ನಲ್ಲಿ 1992ರಲ್ಲಿ, ಮುಂದೆ ಹೆಸರಾಂತ ವಿನ್ಯಾಸಕನಾದ ಅಲೆಕ್ಸಾಂಡರ್ ಮ್ಯಾಕ್ವೀನ್ ಮಾಡಿದ ಪದವಿ ಕಲೆಕ್ಷನ್ನನ್ನು ಫ್ಯಾಷನ್ ಪತ್ರಿಕೆಗಳ ಸಂಪಾದಕಿ ಇಸಬೆಲ್ಲಾ ಬ್ಲೋ ಇಡಿಯಾಗಿ ಕೊಂಡರು. ಆ್ಯಂಟ್‌ವರ್ಪ್‌ನ ಲಲಿತಕಲಾ ಅಕಾಡೆಮಿಯಲ್ಲಿ ಕಲಿತ ಆರು ಮಂದಿ 1986ರಲ್ಲಿ ತಮ್ಮ ಉಡುಪುಗಳನ್ನು ಹೊತ್ತು ಲಂಡನ್‌ಗೆ ಹೋದದ್ದರಿಂದಲೇ ಲೋಕಕ್ಕೆ ಬೆಲ್ಜಿಯಂನ ಫ್ಯಾಷನ್ ಗೊತ್ತಾದದ್ದು. ವಿದ್ಯಾರ್ಥಿಗಳ ಕೆಲಸದಲ್ಲಿ ತೊಡಲಾಗದ ವಿಚಿತ್ರಗಳೇ ಹೆಚ್ಚು, ನಿಜ. ಹೆಸರು ಬರೆದಿಟ್ಟುಕೊಂಡು ಎರಡು ವರ್ಷ ಬಿಟ್ಟು ನೋಡಿ, ಅವರು ಆಗ ಅಂಗಿ ಹೊಲಿಯುತ್ತಿರುತ್ತಾರೆ.

ಇವೆಲ್ಲಕ್ಕಿಂತ ನಾನು ಹೆಚ್ಚು ನೆಚ್ಚುವುದು ಮಾರಾಟಗಾರರ ಪಟ್ಟಿಯನ್ನು. ನಿಮಗೆ ಈಗಾಗಲೇ ಇಷ್ಟವಿರುವ ಒಂದು ಸಣ್ಣ ಲೇಬಲ್ ತನ್ನ ಉಡುಪು ಯಾವ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಬರೆದಿರುತ್ತದೆ. ಆ ಅಂಗಡಿಗಳಲ್ಲಿ ಇನ್ನಾರ ಉಡುಪು ಇದೆ ನೋಡಿ. ಮೂರು ಬೇರೆ ಬೇರೆ ಅಂಗಡಿಗಳಲ್ಲಿ ಅದೇ ಅಪರಿಚಿತ ಹೆಸರು ಮತ್ತೆ ಕಂಡರೆ ನಿಲ್ಲಿ. ಸಣ್ಣ ಅಂಗಡಿಯ ಒಡತಿ ಬಹುಪಾಲು ಸ್ವಂತ ಹಣ ಹಾಕಿ ಸರಕು ತಂದಿರುತ್ತಾಳೆ. ಆಕೆಯ ಆಯ್ಕೆಯಲ್ಲಿರುವ ಎಚ್ಚರ ಸಾಮಾಜಿಕ ಜಾಲತಾಣದ ಯಾವ ಪ್ರಭಾವಿಯ ಶಿಫಾರಸಿನಲ್ಲೂ ಇರುವುದಿಲ್ಲ.

ಹೆಸರು ಸಿಕ್ಕಿತು ಎಂದಾಕ್ಷಣ ಅದು ಸ್ವತಂತ್ರ ಲೇಬಲ್ ಎಂದಲ್ಲ. ಸಗಟು ಸರಕಿಗೆ ತಮ್ಮ ಟ್ಯಾಗ್ ಹೊಲಿದು, ಮಬ್ಬು ಬೆಳಕಿನಲ್ಲಿ ಫೋಟೊ ತೆಗೆದು, 'ನಮ್ಮ ಸ್ಟುಡಿಯೋದಿಂದ' ಎಂದು ಮಾರುವವರು ದಂಡಿಯಾಗಿದ್ದಾರೆ. ಉಡುಪಿನ ಚಿತ್ರವನ್ನು ಚಿತ್ರಶೋಧಕ್ಕೆ ಹಾಕಿ. ಅದೇ ಗುಂಡಿ, ಅದೇ ಜೇಬು ಹತ್ತು ಹೆಸರುಗಳಲ್ಲಿ ಸಿಕ್ಕರೆ ಅಲ್ಲಿಗೆ ಬಿಡಿ. ವಾರ ವಾರವೂ ಹೊಸ ಸರಕು ಎಂದರೂ ಅನುಮಾನಿಸಿ. ಪ್ಯಾಟರ್ನ್ ಮಾಡಿ, ಸ್ಯಾಂಪಲ್ ಹೊಲಿದು, ತಿದ್ದಿ, ಮತ್ತೆ ಹೊಲಿಯಲು ಎಷ್ಟು ಹೊತ್ತು ಬೇಕೆಂದು ನನಗೆ ಗೊತ್ತು. ಒಡೆತನವೂ ಬದಲಾಗುತ್ತಿರುತ್ತದೆ. ಆ್ಯಂಟ್‌ವರ್ಪ್‌ನ ಆ ಆರು ಮಂದಿಯಲ್ಲಿ ಒಬ್ಬರಾದ ಡ್ರೀಸ್ ವಾನ್ ನೋಟನ್ ಮೂರು ದಶಕ ಸ್ವತಂತ್ರರಾಗಿದ್ದು 2018ರಲ್ಲಿ ಬಹುಪಾಲು ಷೇರನ್ನು ಸ್ಪೇನಿನ ಪೂಯಿಗ್ ಕಂಪನಿಗೆ ಮಾರಿದರು. ಅದರಿಂದ ಉಡುಪು ಕೆಡುತ್ತದೆ ಎಂದು ನಾನು ಹೇಳುತ್ತಿಲ್ಲ, ಆದರೆ ಸ್ವತಂತ್ರ ಎಂಬುದೇ ನಿಮಗೆ ಮುಖ್ಯವಾಗಿದ್ದರೆ ಒಡೆಯರು ಯಾರು ಎಂದು ನೋಡಿಕೊಳ್ಳಿ.

ಇನ್ನು ನನಗೆ ಅತಿ ಮುಖ್ಯವೆನಿಸುವ ಮಾತು. ಒಂದೇ ಕಲೆಕ್ಷನ್ ನೋಡಿ ಯಾರನ್ನೂ ನಂಬಬೇಡಿ. ಎರಡು ಮೂರು ಹಂಗಾಮಿನ ಲುಕ್‌ಬುಕ್‌ಗಳನ್ನು (ಕಲೆಕ್ಷನ್ನಿನ ಫೋಟೊ ಪುಸ್ತಕಗಳನ್ನು) ಅಕ್ಕಪಕ್ಕ ತೆರೆದಿಟ್ಟು, ಏನು ಮತ್ತೆ ಬಂದಿದೆ ಎಂದು ನೋಡಿ. ಬಣ್ಣ ಬದಲಾಗಲಿ, ಪ್ರಿಂಟ್ ಬದಲಾಗಲಿ, ಅವು ಬದಲಾಗುವುದಕ್ಕೇ ಇರುವುವು. ಕಾಲರ್‌ನ ಆಕಾರ, ತೋಳು ಭುಜಕ್ಕೆ ಕೂಡುವ ರೀತಿ, ಸೊಂಟದ ಎತ್ತರ ಉಳಿದಿದೆಯೇ? ಉಳಿದಿದ್ದರೆ ಅಲ್ಲಿ ಒಬ್ಬ ಪ್ಯಾಟರ್ನ್ ಕತ್ತರಿಸುವವರು ಕುಳಿತು ಅದೇ ಅಂಗಿಯನ್ನು ಪ್ರತಿ ಹಂಗಾಮಿಗೂ ಅರ್ಧ ಸೆಂಟಿಮೀಟರ್ ತಿದ್ದುತ್ತಿದ್ದಾರೆ ಎಂದು ಅರ್ಥ. ಮೂರನೆಯ ಹಂಗಾಮಿನ ಹೊತ್ತಿಗೆ ಕಂಕುಳು ಎಳೆಯುವುದಿಲ್ಲ, ಗುಂಡಿಯ ನಡುವೆ ಬಾಯಿ ಬಿಡುವುದಿಲ್ಲ. ಪ್ರತಿ ಸಲವೂ ಎಲ್ಲವೂ ಹೊಸದಾಗಿದ್ದರೆ ನೀವು ಕೊಳ್ಳುವುದು ಸದಾ ಮೊದಲ ಸ್ಯಾಂಪಲ್ಲನ್ನೇ. ಎಲ್‌ವಿಎಂಎಚ್ ಪ್ರಶಸ್ತಿ ಕೂಡ ಕನಿಷ್ಠ ಎರಡು ಕಲೆಕ್ಷನ್ ಮಾಡಿದವರಿಂದಷ್ಟೇ ಅರ್ಜಿ ಪಡೆಯುತ್ತದೆ.

ಬಟ್ಟೆಯ ವಿವರ ಓದುವುದು ಸುಲಭ. ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ತೂಕ ಬರೆದಿರುವ ಲೇಬಲ್ ಮೇಲೆ ನನಗೆ ತಕ್ಷಣ ಗೌರವ ಹುಟ್ಟುತ್ತದೆ. ಬೇಸಿಗೆಯ ಅಂಗಿಗೆ 100ರಿಂದ 150 ಗ್ರಾಂ ಹಿತ, ಗಟ್ಟಿ ಡೆನಿಮ್ 400 ಗ್ರಾಂ ಆಸುಪಾಸು. 'ಬೇಸಿಗೆ ಕಲೆಕ್ಷನ್' ಎಂಬ ತಲೆಬರಹದಡಿ ಪಾಲಿಯೆಸ್ಟರ್ ಲೈನಿಂಗ್ ಇದ್ದರೆ ಆ ಬೇಸಿಗೆ ಹವಾನಿಯಂತ್ರಿತ ಕೋಣೆಯದು. ಪ್ರಮಾಣಪತ್ರಗಳನ್ನೂ ಕಲಸಿಕೊಳ್ಳಬೇಡಿ. ಸಾವಯವ ಬಟ್ಟೆಯ ಜಾಗತಿಕ ಮಾನದಂಡವಾದ ಗಾಟ್ಸ್ (GOTS) ಮುದ್ರೆಗೆ ಕನಿಷ್ಠ 70 ಶೇಕಡಾ ಸಾವಯವ ನಾರು ಬೇಕು, ಬರಿದೆ 'ಸಾವಯವ' ಎಂದು ಬರೆದುಕೊಳ್ಳಲು 95 ಶೇಕಡಾ. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಹಾನಿಕರ ರಾಸಾಯನಿಕಗಳ ಪರೀಕ್ಷೆ ಮಾತ್ರ, ಅದು ಇದ್ದರೆ ಹತ್ತಿ ಸಾವಯವವಾಗುವುದಿಲ್ಲ. ಗಿರಣಿಗಳಲ್ಲಿ ಉಳಿದ ಬಟ್ಟೆಯಿಂದ ಹೊಲಿಯುವವರೂ ಇದ್ದಾರೆ. ಅವರಲ್ಲಿ ಇಷ್ಟವಾದದ್ದನ್ನು ಬಿಟ್ಟರೆ ಮತ್ತೆ ಸಿಗುವ ಭರವಸೆ ಇಲ್ಲ, ಬಟ್ಟೆಯ ಥಾನು ಮುಗಿದರೆ ಮುಗಿಯಿತು.

ಕೊಳ್ಳುವ ಮುನ್ನ ಲೇಬಲ್‌ಗೆ ಒಂದು ಸಾಲು ಬರೆಯಿರಿ. ದೇಹದ ಅಳತೆಯ ಪಟ್ಟಿ ಬೇಡ, ಉಡುಪಿನದೇ ಅಳತೆ ಕೇಳಿ: ಎದೆಯ ಅಗಲ, ಭುಜ, ತೋಳಿನ ಉದ್ದ. ನಿಮಗೆ ಸರಿಯಾಗಿ ಕೂರುವ ಒಂದು ಹಳೆಯ ಅಂಗಿಯನ್ನು ಮೇಜಿನ ಮೇಲೆ ಹರಡಿ ಟೇಪಿನಿಂದ ಅಳೆದು ಹೋಲಿಸಿ. ಹೊಲಿಗೆಯ ಒಳಗೆ ಎಷ್ಟು ಮಾರ್ಜಿನ್ ಬಿಟ್ಟಿದ್ದಾರೆ ಎಂದೂ ಕೇಳಿ, ಮುಂದೆ ಬಿಚ್ಚಿ ಸಡಿಲಿಸಲು ಬೇಕಾಗುತ್ತದೆ. ಸಗಟು ಸರಕು ಮಾರುವವರು ಈ ಪ್ರಶ್ನೆಗೆ ಉತ್ತರಿಸುವುದು ಅಪರೂಪ. ಮುಂಗಡ ಆರ್ಡರ್ ಆದರೆ ಎಂದು ಕಳಿಸುತ್ತಾರೆ, ತಡವಾದರೆ ಹಣ ಮರಳಿಸುತ್ತಾರೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಉಡುಪು ಬಂದ ದಿನ ಟ್ಯಾಗ್ ಕತ್ತರಿಸುವ ಮೊದಲು ಒಳಮೈ ತಿರುಗಿಸಿ, ಕಾಜಾದ ದಾರ ಎಳೆದು ನೋಡಿ.