ಅಪ್ಪನನ್ನಲ್ಲ, ಮಕ್ಕಳನ್ನು ಹುಡುಕಿ

1620ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸಿಗರನ್ನು ಒಯ್ದ ಮೇಫ್ಲವರ್ ಹಡಗಿನವರ ಮೂಲ ಹುಡುಕುತ್ತಿರುವವರಿಗೆ ಒಂದು ಮಾತು. ಆನ್‌ಲೈನ್ ವಂಶವೃಕ್ಷದಲ್ಲಿ ಅದೇ ಹೆಸರು ಕಂಡಿತು ಅಂತ ತಕ್ಷಣ ಜೋಡಿಸಿಬಿಡಬೇಡಿ. ಆ ಹಡಗಿನಲ್ಲಿದ್ದ ಸ್ಟೀಫನ್ ಹಾಪ್ಕಿನ್ಸ್‌ನ ಕಥೆ ನೋಡಿ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನವನೆಂದು ಬಹಳ ಕಾಲ ಬರೆದುಕೊಂಡೇ ಬಂದರು. 1998ರಲ್ಲಿ ಹ್ಯಾಂಪ್‌ಶೈರಿನ ಹರ್ಸ್ಲಿ ಚರ್ಚಿನ ದಾಖಲೆಯಿಂದ ಅದು ತಲೆಕೆಳಗಾಯಿತು. ಅಲ್ಲಿ ಸಿಕ್ಕಿದ್ದು ಅವನ ಮಕ್ಕಳ ದೀಕ್ಷಾಸ್ನಾನ: ಕಾನ್‌ಸ್ಟನ್ಸ್, ಗೈಲ್ಸ್. ಇಬ್ಬರೂ ಅಪ್ಪನ ಜೊತೆ ಹಡಗಿನಲ್ಲಿದ್ದವರು. ಸ್ಟೀಫನ್ ಎಂಬ ಹೆಸರು ಊರೂರಿಗೂ ಇತ್ತು. ಈ ಇಬ್ಬರು ಮಕ್ಕಳಿದ್ದ ಸ್ಟೀಫನ್ ಹಾಗೆ ಸಿಗುವುದಿಲ್ಲ. ಅದಕ್ಕೇ ಮನೆಯವರ ಹೆಸರುಗಳನ್ನೆಲ್ಲ ಒಟ್ಟಿಗೆ ಹುಡುಕಿ, ಅದರಲ್ಲೂ ಅಪರೂಪದ್ದನ್ನು ಮೊದಲು.

ಇನ್ನೊಂದು, ತಾರೀಖು. ಇಲ್ಲೇ ಎಲ್ಲರೂ ಎಡವುವುದು. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ (ಹೆಚ್ಚುಕಡಿಮೆ ನಮ್ಮ ಯುಗಾದಿ ಸಮಯಕ್ಕೆ!). ಗೈಲ್ಸ್‌ನ ದೀಕ್ಷಾಸ್ನಾನದ ದಾಖಲೆಯ 1607ರ ಜನವರಿ 30 ನಮ್ಮ ಲೆಕ್ಕಕ್ಕೆ 1608. ಹೊಸ ವರ್ಷ ಜನವರಿ 1ಕ್ಕೆ ಬಂದದ್ದು 1752ರಲ್ಲಿ. ಅದಕ್ಕೆ ಮುಂಚಿನ ಜನವರಿ 1ರಿಂದ ಮಾರ್ಚ್ 24ರವರೆಗಿನ ದಾಖಲೆ ಸಿಕ್ಕರೆ 1607/8 ಎನ್ನುವ ಹಾಗೆ ಎರಡೂ ವರ್ಷ ಬರೆದಿಡಿ. ಇಲ್ಲದಿದ್ದರೆ ತಂಗಿ ಅಕ್ಕನಾಗಿಬಿಡುತ್ತಾಳೆ.

ಅಮೆರಿಕ ಕಡೆಯ ಮೊದಲ ಐದು ತಲೆಮಾರನ್ನು ಮೇಫ್ಲವರ್ ವಂಶಸ್ಥರ ಸಂಘ ಆಧಾರಸಹಿತ ಪ್ರಕಟಿಸಿದೆ, ಅದನ್ನು ಮತ್ತೆ ಅಗೆಯಬೇಡಿ.